ಸ್ಪೀಕರಿಗೆ ಹಾಕಿದ ಫೋನು

ಬಾಚಣಿಗೆ ಕಿವಿಯ ಹಿಂದೆ ಸಿಕ್ಕಿಕೊಂಡಿತು, ಯಾವಾಗಲೂ ಅಲ್ಲೇ ಸಿಕ್ಕು, ಮಲಗಿ ಮಲಗಿ ಕೂದಲು ಅಲ್ಲಿ ಚಾಪೆಯ ಹಾಗೆ ಒತ್ತಿಕೊಂಡುಬಿಟ್ಟಿದೆ, ಮಗಳು ಎಳೆಯುವುದಿಲ್ಲ, ಬುಡ ಹಿಡಿದುಕೊಂಡು ತುದಿಯಿಂದ ಬಿಡಿಸುತ್ತಾಳೆ, ಅಲ್ಲ ಕಣೇ, ಫೋನಿನಲ್ಲಿ ಮಾತಾಡುವವಳಿಗೆ ನನ್ನ ತಲೆ ಕಾಣುತ್ತದೇನೇ ಅಂದರೆ, ಕಾಣದಿದ್ರೇನಮ್ಮ, ತಲೆ ನೀಟಾಗಿದ್ರೆ ದನೀನೂ ನೀಟಾಗಿ ಬರುತ್ತೆ ಅನ್ನುತ್ತಾಳೆ, ಎಲ್ಲದಕ್ಕೂ ಒಂದು ನಗು ಇವಳದು, ಬಟ್ಟೆ ಅಂಗಡಿಯಲ್ಲಿ ಕಲಿತದ್ದು, ಗಿರಾಕಿ ಅರ್ಧ ಅಂಗಡಿ ಬಿಚ್ಚಿಸಿ ಏನೂ ಕೊಳ್ಳದೆ ಎದ್ದು ಹೋದರೂ ನಗಬೇಕಂತೆ, ಕೂರುವ ಹಾಗೂ ಇಲ್ಲವಂತೆ, ಮಾಲೀಕ ಒಂದು ಸ್ಟೂಲೂ ಇಟ್ಟಿಲ್ಲ, ಹಾಳಾಗಿ ಹೋಗಲಿ ಅವನ ಅಂಗಡಿ — ವಾರಕ್ಕೊಂದು ರಜಾ, ಅದೂ ನನ್ನನ್ನು ಎತ್ತಿ ಕೂರಿಸುವುದಕ್ಕೆ, ಬೆನ್ನಿಗೆ ದಿಂಬು ಕೊಡುವುದಕ್ಕೆ, ಮಂಚದ ಕೆಳಗಿಟ್ಟ ಪಾತ್ರೆ ತೊಳೆಯುವುದಕ್ಕೆ ಹೋಗುತ್ತದೆ. ಸೊಂಟದ ಮೂಳೆ ಮುರಿದು, ಈ ಮೂರನೇ ಮಹಡಿಗೆ ಕುರ್ಚಿಯ ಸಮೇತ ಹೊತ್ತು ತಂದರಲ್ಲ, ಅವತ್ತಿನಿಂದ ಬೀದಿ ಕಂಡಿಲ್ಲ ನಾನು, ಊಟ ಬಿಟ್ಟೆ, ಮಾತು ಬಿಟ್ಟೆ, ಗೋಡೆಯ ಕಡೆ ತಿರುಗಿ ಮಲಗಿದೆ, ಮೂಳೆ ಕೂಡಿದರೂ ತಿರುಗಲಿಲ್ಲ, ಡಾಕ್ಟರು ಇದು ಮನಸ್ಸಿನ ಕಾಯಿಲೆ, ಇಳಿದು ಬರೋದೇನೂ ಬೇಡ, ನಮ್ಮ ಆಸ್ಪತ್ರೆ ಹುಡುಗಿ ಫೋನಲ್ಲೇ ನೋಡ್ಕೋತಾಳೆ ಅಂದರು, ಫೋನಲ್ಲಿ ಅದೇನು ನೋಡುತ್ತಾಳೋ, ನಾಲಿಗೆ ನೋಡುತ್ತಾಳೋ ನಾಡಿ ನೋಡುತ್ತಾಳೋ.

ಒಳ್ಳೆಯ ಹುಡುಗಿ, ಸುಳ್ಳು ಯಾಕೆ ಹೇಳಲಿ, ಅವಳ ದನಿ ಬಂದರೆ ಎದೆಯ ಮೇಲಿನ ಭಾರ ಒಂದಿಷ್ಟು ಸರಿಯುತ್ತದೆ, ನಾನು ತಡವರಿಸಿದರೆ ಕಾಯುತ್ತಾಳೆ, ಇನ್ನೊಬ್ಬರು ಯಾರು ಕಾಯುತ್ತಾರೆ ಈ ಮುದುಕಿಗೆ. ಆದರೆ ಕಿವಿ ಸ್ವಲ್ಪ ಮಂದ, ಫೋನಿನ ದನಿ ಹಿಡಿಯುವುದಿಲ್ಲ, ಫೋನನ್ನು ಸ್ಪೀಕರಿಗೆ ಹಾಕಲೇಬೇಕು, ಮಗಳು ಮಂಚದ ಅಂಚಿಗೆ ಕೂತು ಅಂಗೈಯಲ್ಲಿ ಹಿಡಿದಿರುತ್ತಾಳೆ, ಹಾಗಾಗಿ ಒಬ್ಬಳಿಗೆ ಹೇಳಿದ್ದು ಇಬ್ಬರಿಗೂ ಹೇಳಿದಂತೆ. ನಿದ್ದೆ ಬರ್ತಿದೆಯಾ ಅಮ್ಮ, ಬರುತ್ತಿದೆ, ಊಟ ಸೇರ್ತಿದೆಯಾ, ಓಹೋ, ಕಿಟಕಿ ಹತ್ರ ಕೂತ್ಕೊಳ್ಳಿ ಅಂದಿದ್ನಲ್ಲ, ಕೂತಿದ್ರಾ, ಕೂತಿದ್ದೆನಮ್ಮ, ಪಾರಿವಾಳ ಬಂದಿತ್ತು — ಎಲ್ಲಿಯ ಪಾರಿವಾಳ, ಕಿಟಕಿಯಾಚೆ ಪಕ್ಕದ ಕಟ್ಟಡದ ಕೊಳಾಯಿ ಪೈಪು, ಅದೂ ಸೋರುತ್ತದೆ. ಕಡೆಯಲ್ಲಿ ಆ ಪ್ರಶ್ನೆ, ಪ್ರತಿ ಸಲ ಅದೇ ಮೆತ್ತಗಿನ ದನಿಯಲ್ಲಿ, ಬದುಕಿರೋದಕ್ಕಿಂತ ಇಲ್ಲದಿದ್ರೇನೇ ವಾಸಿ ಅಂತ ಅನಿಸುತ್ತಾ ಅಮ್ಮ. ಮಗಳು ನನ್ನ ಬಾಯನ್ನೇ ನೋಡುತ್ತಾಳೆ, ಇಲ್ಲ ಕಣಮ್ಮ ಅನ್ನುತ್ತೇನೆ. ಇಲ್ಲ ಅನ್ನುವುದೇನು ನನಗೆ ಹೊಸದೇ, ಸಿನಿಮಾ ಟಾಕೀಸಿನ ಟಿಕೆಟ್ ಕಿಂಡಿಯ ಹಿಂದೆ ಆಯುಷ್ಯ ಕಳೆದವಳು, ಎಷ್ಟು ಗೋಗರೆದರೂ ಇಲ್ಲ ಅಂದರೆ ಇಲ್ಲ, ಕೈ ತೆಗೀರಿ, ಕಿಂಡಿ ಮುಚ್ಚುತ್ತೆ. ನಿಜ ಏನು ಅಂದರೆ, ಮಗಳು ಕೆಲಸಕ್ಕೆ ಹೊರಟು ಬಾಗಿಲು ಎಳೆದುಕೊಂಡ ಕೂಡಲೇ ಆ ಯೋಚನೆ, ಅದು ಬಂದು ಪಕ್ಕದಲ್ಲಿ ಕೂರುತ್ತದೆ, ನಾಳೆ ಬೆಳಗ್ಗೆ ನೀನು ಏಳದೇ ಹೋದರೆ ಇವಳಿಗೆ ಒಂದು ರಜಾ ಉಳಿಯುತ್ತದಲ್ಲ ಅನ್ನುತ್ತದೆ, ಗಂಡನ ಮನೆ ಸಾಕಾಗಿ ಬಂದವಳು ಇಲ್ಲಿ ಬಂದು ಈ ಚಾಕರಿಗೆ ಬಿದ್ದಳಲ್ಲ ಅನ್ನುತ್ತದೆ, ಸಂಜೆ ಮೆಟ್ಟಿಲ ಮೇಲೆ ಅವಳ ಚಪ್ಪಲಿ ಸದ್ದು ಕೇಳುವವರೆಗೂ ಅನ್ನುತ್ತಲೇ ಇರುತ್ತದೆ. ಇದನ್ನು ಹೆತ್ತ ಮಗಳ ಮುಖ ನೋಡಿಕೊಂಡು ಹೇಳುವುದು ಹೇಗೆ. ಹೇಳದೆ ಹೇಳದೆ ನನ್ನ ಉತ್ತರಗಳು ಎಷ್ಟು ಚೆನ್ನಾಗಿ ಬಂದವು ಅಂದರೆ, ಹೋದ ಸಲ ಆ ಹುಡುಗಿ ಖುಷಿಯಾಗಿ, ನೀವು ತುಂಬ ಸುಧಾರಿಸಿದ್ದೀರಮ್ಮ, ಮುಂದಿನ ಸಲವೂ ಹೀಗೇ ಇದ್ರೆ ಫೋನು ನಿಲ್ಲಿಸಬಹುದು ಅಂದಳು. ಇದ್ದ ಒಂದು ದನಿಯನ್ನೂ ನಾನೇ ಕೈಯಾರೆ ಕಳೆದುಕೊಳ್ಳುತ್ತಿದ್ದೇನೆ, ಮೂರ್ಖ ಮುಂಡೇದು.

ರಿಂಗಾಯಿತು, ಮಗಳು ಒತ್ತಿದಳು, ಹುಡುಗಿ ಇವತ್ತು ನಿದ್ದೆ ಊಟ ಕೇಳಲಿಲ್ಲ, ಅಮ್ಮ, ಪಕ್ಕದಲ್ಲಿ ಯಾರಿದ್ದಾರೆ ಅಂದಳು, ಮಗಳು ಅಂದೆ, ಫೋನು ಮಾಡೋದು ನಿಲ್ಲಿಸೋ ಮುಂಚೆ ನಿಮ್ಮೊಬ್ಬರ ಹತ್ರಾನೇ ಸ್ವಲ್ಪ ಮಾತಾಡಬೇಕು, ಅವರಿಗೆ ಆಚೆ ಹೋಗೋಕೆ ಹೇಳ್ತೀರಾ ಅಂದಳು. ಮಗಳು ನಕ್ಕಳು, ಆಯ್ತಪ್ಪ, ಗುಟ್ಟು ಮಾತಾಡ್ಕೊಳ್ಳಿ ಇಬ್ರೂ, ಫೋನನ್ನು ನನ್ನ ಮಡಿಲಲ್ಲಿಟ್ಟು ಅಡುಗೆಮನೆಗೆ ಹೋದಳು, ಆಚೆ ಅಂದರೆ ಈ ಮನೆಯಲ್ಲಿ ಅಷ್ಟೇ, ಒಂದು ಕೋಣೆ, ಒಂದು ಅಡುಗೆಮನೆ, ನಡುವೆ ಬಾಗಿಲೂ ಇಲ್ಲ, ಪರದೆ. ನಲ್ಲಿ ತಿರುಗಿಸಿದಳು, ನೀರಿನ ಸದ್ದು, ಪಾತ್ರೆಯ ಸದ್ದು, ಈಗ ಹೇಳಬಹುದು ಅಂದುಕೊಂಡೆ, ಬಾಯಿ ತೆರೆದೆ, ನಲ್ಲಿ ನಿಂತಿತು. ಪರದೆ ನೆಲಕ್ಕೆ ಮುಟ್ಟುವುದಿಲ್ಲ, ಗೇಣುದ್ದ ಮೇಲಿದೆ, ಆ ಸಂದಿನಲ್ಲಿ ಅವಳ ಪಾದಗಳು ಬಂದು ನಿಂತವು. ನಿಂತು ನಿಂತು ಊದಿದ ಪಾದ, ಒಡೆದ ಹಿಮ್ಮಡಿ. ಹೇಳಿ ಅಮ್ಮ, ಇಲ್ಲದಿದ್ರೇನೇ ವಾಸಿ ಅನಿಸುತ್ತಾ. ಪಾದಗಳು. ಬಲಪಾದ ಎಡಪಾದದ ಮೇಲೆ ಹತ್ತಿತು, ಪುಟ್ಟವಳಿದ್ದಾಗ ಹೆದರಿದರೆ ಹೀಗೇ ನಿಲ್ಲುತ್ತಿದ್ದಳು, ಇಲ್ಲ ಅನ್ನಬೇಕು, ಇಲ್ಲ ಅಂದರೆ ಫೋನು ನಿಲ್ಲುತ್ತದೆ, ಈ ಹುಡುಗಿ ಹೋಗುತ್ತಾಳೆ, ನಾನು ಮತ್ತು ಅದು ಇಬ್ಬರೇ ಉಳಿಯುತ್ತೇವೆ, ಹೌದು ಅಂದರೆ ಆ ಪಾದಗಳಿಗೆ ಕೇಳಿಸುತ್ತದೆ, ಅಯ್ಯೋ ನನಗೆ ಭಯವಾಗುತ್ತಿದೆ, ಒಬ್ಬಳೇ ಇರಲು ಭಯವಾಗುತ್ತಿದೆ.

ಅನಿಸುತ್ತೆ ಕಣಮ್ಮ, ಅಂದೆ, ದಿನಾ ಅನಿಸುತ್ತೆ. ಅಷ್ಟು ಮಂದ ದನಿಯಲ್ಲಿ ಹೇಳಿದ್ದು, ಆದರೂ ಕೋಣೆಯೆಲ್ಲ ತುಂಬಿಕೊಂಡಿತು, ಮಗಳು ಓಡಿ ಬರುತ್ತಾಳೆ, ಬೈಯುತ್ತಾಳೆ, ನಾನು ಇಷ್ಟು ಮಾಡಿದರೂ ಹೀಗಂತೀಯಲ್ಲ ಅಂತ ಅಳುತ್ತಾಳೆ, ಕಾದೆ, ಬರಲಿಲ್ಲ, ಹುಡುಗಿ ಹೇಳಿದ್ದು ಒಳ್ಳೇದಾಯ್ತಮ್ಮ ಅನ್ನುತ್ತಿದ್ದಾಳೆ, ಪರದೆಯ ಹಿಂದಿನಿಂದ ಮಗಳ ದನಿ, ಈ ದನಿ ನಾನು ಕೇಳಿಯೇ ಇಲ್ಲ, ನಂಗೂ ಅನಿಸುತ್ತಮ್ಮ, ಅಂತು. ಯಾರದು, ಯಾರು ಮಾತಾಡಿದ್ದು, ಮಡಿಲಲ್ಲಿ ಫೋನು ಕೇಳುತ್ತಿದೆ, ಅಮ್ಮ, ನಾನು ಫೋನಿಡಲ್ಲ, ಇಬ್ರೂ ಅಲ್ಲೇ ಇರಿ, ಅವರನ್ನ ಹತ್ರ ಕರೀರಿ ಅನ್ನುತ್ತಿದೆ, ಕರೆಯಬೇಕು, ಬಾ ಅನ್ನಬೇಕು, ಎದ್ದು ಹೋಗಲು ಈ ಸೊಂಟ ಬಿಡುವುದಿಲ್ಲ, ಬಾಯಾದರೂ ಬರಬೇಕಲ್ಲ, ಬಾ ಮಗಳೇ ಅನ್ನುತ್ತೇನೆ, ಪಾದ ಮುಂದೆ ಬರುತ್ತಿಲ್ಲ, ಹಿಂದೆಯೂ ಹೋಗುತ್ತಿಲ್ಲ, ಬಲದ್ದು ಎಡದ್ದರ ಮೇಲೆ, ಬಲದ್ದು ಎಡದ್ದರ ಮೇಲೆ, ಬಲದ್ದು —