ದೊಡ್ಡ ಮೊಳೆಯ ಒಂಟಿ ಹಕ್ಕಿ

ಡ್ಯಾನ್ಯೂಬ್ ನದಿಯ ದಡದ ರೂಸೆ ಊರಿನಲ್ಲಿ ಕನ್ನಡಕದ ಅಂಗಡಿ ಇಟ್ಟಿರುವ ಸ್ತಾಮೆನ್‌ಗೆ ಐವತ್ತೆಂಟು ವರ್ಷ. ಊರವರ ಕನ್ನಡಕದ ಗಾಜು ಒರೆಸಿ, ಬೆಳಕಿಗೆ ಹಿಡಿದು, "ಇಲ್ಲೊಂದು ಚುಕ್ಕೆ ಇತ್ತು ನೋಡಿ, ಈಗ ಹೋಯ್ತು" ಎಂದು ಕೈಗೆ ಕೊಡುವುದು ಅವನ ದಿನದ ಕೆಲಸ. ಅಂಗಡಿ ಬಾಗಿಲು ಹಾಕಿದ ಮೇಲೆ ಮಾತ್ರ ಅವನು ಬೇರೆಯೇ ಮನುಷ್ಯ. ದೇಶದ ಮೂಲೆಮೂಲೆಯ ಹವ್ಯಾಸಿ ಫೋಟೋಗ್ರಾಫರುಗಳು ಸೇರುವ ‘ಕಿಟಕಿ’ ಎಂಬ ಜಾಲತಾಣದಲ್ಲಿ ಅವನನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಮೇಷ್ಟ್ರು ಎನ್ನುತ್ತಾರೆ. ಆ ಮಾತು ಕಿವಿಗೆ ಬಿದ್ದರೆ ಸ್ತಾಮೆನ್‌ಗೆ ಒಂದು ಲೋಟ ರಾಕಿಯಾ ಸಾರಾಯಿ ಇಳಿಸಿದಷ್ಟು ಹಿತ.

ಕಿಟಕಿಯಲ್ಲಿ ಎರಡು ಕೋಣೆಗಳು. ಒಂದರ ಹೆಸರು ಗೋಡೆ, ಇನ್ನೊಂದರದು ಮೇಜು. ಗೋಡೆಗೆ ಹಾಕಿದ ಚಿತ್ರವನ್ನು ಹೊಗಳಬಹುದು, ಇಲ್ಲವೇ ಸುಮ್ಮನಿರಬಹುದು. ತಪ್ಪು ಹೇಳುವ ಹಾಗಿಲ್ಲ. ಮೇಜಿನ ಮೇಲೆ ಇಟ್ಟ ಚಿತ್ರಕ್ಕೆ ಯಾರು ಬೇಕಾದರೂ ಚಾಕು ಹಾಕಬಹುದು. ಆದರೆ ಮೇಜಿನ ಮೇಲೆ ತನ್ನದೊಂದು ಇಡುವವನು ಮೊದಲು ಬೇರೆಯವರ ಮೂರು ಚಿತ್ರಗಳನ್ನು ನೋಡಿ, ಯಾವುದು ಸರಿ ಯಾವುದು ತಪ್ಪು ಎಂದು ಬರೆದಿರಬೇಕು. ಕಿಟಕಿ ಸೇರಿದ ಒಂಬತ್ತು ವರ್ಷಗಳಲ್ಲಿ ಸ್ತಾಮೆನ್ ಮೇಜಿನ ಹತ್ತಿರ ಸುಳಿದವನಲ್ಲ. ಮೇಷ್ಟ್ರಾದವನು ಎದ್ದು ನಿಂತು ಮಗ್ಗಿ ಒಪ್ಪಿಸುವುದುಂಟೇ?

ಪ್ರತಿ ವರ್ಷ ಮೇ ತಿಂಗಳು, ಸಂತ ಜಾರ್ಜನ ದಿನ, ಊರಿನ ಲೈಬ್ರರಿಯ ಹಜಾರದಲ್ಲಿ ಕಿಟಕಿಯವರ ಪ್ರದರ್ಶನ. ಬಾಗಿಲಿಗೆ ಎದುರಾಗಿ ಒಂದು ದೊಡ್ಡ ಮೊಳೆ ಇದೆ. ಸದಸ್ಯರೆಲ್ಲ ಓಟು ಹಾಕಿ ಆರಿಸಿದ ಒಂದೇ ಒಂದು ಚಿತ್ರ ಆ ಮೊಳೆಗೆ. ಆರು ವರ್ಷಗಳಿಂದ ಅದು ಸ್ತಾಮೆನ್‌ನ ಸ್ವಂತ ಆಸ್ತಿಯಂತಾಗಿತ್ತು. ಮೊದಲನೆಯ ವರ್ಷ ಅಲ್ಲಿ ತೂಗಿದ್ದು ‘ಒಂಟಿ ಹಕ್ಕಿ’: ಸಂಜೆಯ ಡ್ಯಾನ್ಯೂಬ್, ಮೇಲೆ ಖಾಲಿ ಆಕಾಶ, ಆಕಾಶದ ಎಡಮೂಲೆಯಲ್ಲಿ ಕಪ್ಪು ಚುಕ್ಕೆಯಷ್ಟೇ ದೊಡ್ಡ ಒಂದು ಹಕ್ಕಿ. ನಿಜ ಹೇಳಬೇಕೆಂದರೆ ಫೋಟೋ ತೆಗೆಯುವಾಗ ಸ್ತಾಮೆನ್ ಯಾವ ಹಕ್ಕಿಯನ್ನೂ ಕಂಡಿರಲಿಲ್ಲ. ಗೋಡೆಗೆ ಹಾಕಿದ ಮೇಲೆ ಯಾರೋ "ಆ ಹಕ್ಕಿಯ ಏಕಾಂತ ಎದೆಗೆ ನಾಟುತ್ತದೆ" ಎಂದು ಬರೆದರು. ಅವನೂ ನೋಡಿದ, ಹೌದಲ್ಲ ಎನಿಸಿತು, ಹೆಸರಿಟ್ಟ. ಅವನ ಮುಂದಿನ ಚಿತ್ರಗಳಲ್ಲೂ ಹಕ್ಕಿ ಆಗಾಗ ಬಂದು ಹೋಯಿತು. ಅದನ್ನು ಮೇಷ್ಟ್ರ ಮುದ್ರೆ ಎಂದರು.

ಇಷ್ಟರಲ್ಲಿ ಸೆಪ್ಟೆಂಬರಿನಲ್ಲಿ ‘ಒಂಬತ್ತು’ ಎಂದು ಹೆಸರಿಟ್ಟುಕೊಂಡ ಒಬ್ಬ ಹೆಂಗಸು ಬಂದು ಸೇರಿದಳು. ನೇರವಾಗಿ ಮೇಜಿಗೇ ಬಂದಳು. ಮೊದಲ ಚಿತ್ರದಲ್ಲಿ ಬಸ್ಸುನಿಲ್ದಾಣ ವಾಲಿತ್ತು, ಜನರ ಕಾಲುಗಳು ಕತ್ತರಿಸಿಹೋಗಿದ್ದವು. ಸ್ತಾಮೆನ್ ನೋಡಿ ನಕ್ಕ. ಮೇಜಿನವರು ನಗಲಿಲ್ಲ. ನೆಲ ನೆಟ್ಟಗಿರಲಿ, ಎರಡು ಹೆಜ್ಜೆ ಹಿಂದೆ ಸರಿಯಿರಿ, ಮುಖವನ್ನು ನಡುಮಧ್ಯೆ ತಂದು ಕೂರಿಸಬೇಡಿ ಎಂದು ಒಬ್ಬೊಬ್ಬರೂ ಒಂದೊಂದು ಬರೆದರು. ವಾರ್ನಾ ಊರಿನ ಕ್ರಾಸಿಮಿರ್ ಎಂಬ ನಿವೃತ್ತ ಸರ್ವೇಯರ್ ಅಂತೂ ಚಿತ್ರದ ಮೇಲೆ ಕೆಂಪು ಗೆರೆ ಎಳೆದೇ ತೋರಿಸಿದ. ಅವಳು ಪ್ರತಿಯೊಂದಕ್ಕೂ "ಸರಿ, ನಾಳೆ ಮಾಡಿ ನೋಡ್ತೀನಿ" ಎಂದಳು. ಮರುದಿನ ಮಾಡಿಯೂ ತೋರಿಸಿದಳು.

ನವೆಂಬರ್ ಬಂತು. ಚಳಿಗಾಲಕ್ಕೆ ಉಪ್ಪುನೀರಿನ ಪೀಪಾಯಿಯಲ್ಲಿ ನೆನೆಹಾಕಲು ಊರಿಗೆ ಊರೇ ಎಲೆಕೋಸು ಹೊರುವ ಕಾಲ. ‘ಒಂಬತ್ತು’ ಮೇಜಿನ ಮೇಲೆ ಒಂದು ಚಿತ್ರ ಇಟ್ಟಳು: ನಿಲ್ದಾಣದ ಬೆಂಚಿನಲ್ಲಿ ಒಬ್ಬ ಮುದುಕ, ಅವನ ಎರಡು ಪಕ್ಕದಲ್ಲೂ ಒಂದೊಂದು ದಪ್ಪ ಎಲೆಕೋಸು, ಅವಕ್ಕೂ ಟಿಕೆಟ್ಟು ತೆಗೆದಿರುವನೋ ಎಂಬಂತೆ ಗಂಭೀರವಾಗಿ ಕುಳಿತಿದ್ದಾನೆ. ಗಾಜಿನಿಂದ ತೂರಿ ಬಂದ ಬೆಳಗಿನ ಬಿಸಿಲು ಅವನ ಒಂದು ಕಿವಿಯನ್ನೂ ಎಲೆಕೋಸುಗಳನ್ನೂ ಬೆಳಗಿದೆ.

ಸ್ತಾಮೆನ್ ನೋಡಿದ. ಅವನ ಹೊಟ್ಟೆಯೊಳಗೆ ಯಾರೋ ಒಣಮೆಣಸಿನಕಾಯಿ ಅರೆದ ಹಾಗಾಯಿತು. ಚೆನ್ನಾಗಿತ್ತು, ಅದೇ ಸಂಕಟ. ಚೆನ್ನಾಗಿಲ್ಲದಿದ್ದರೆ ಅವನು ಧಾರಾಳವಾಗಿ ಎರಡು ಒಳ್ಳೆಯ ಮಾತು ಬರೆಯುತ್ತಿದ್ದ.

"ಏನಾಯ್ತು, ಹಲ್ಲು ನೋವಾ?" ಎಂದಳು ಹೆಂಡತಿ ದೋನ್ಕಾ, ಚೀಸ್ ತುಂಬಿ ಬೇಯಿಸಿದ ಬಾನಿತ್ಸಾ ತಟ್ಟೆ ಇಡುತ್ತ.

"ಏನಿಲ್ಲ. ಎಲೆಕೋಸು ಫೋಟೋ ತೆಗ್ದು ದೊಡ್ಡ ಕಲಾವಿದೆ ಅನ್ನಿಸ್ಕೊಂಡಿದಾಳೆ ಯಾವಳೋ."

ದೋನ್ಕಾ ಬಗ್ಗಿ ನೋಡಿದಳು. "ಅಯ್ಯೋ, ಆ ಮುದುಕನ ಕಿವಿ ನೋಡೋ! ಎಷ್ಟು ಚೆನ್ನಾಗಿದೆ ಮಾರಾಯಾ. ನೀನ್ಯಾಕೆ ಯಾವಾಗ್ಲೂ ಆ ಖಾಲಿ ನದೀನೇ ತೆಗೀತೀಯ?"

ಅವತ್ತು ಸ್ತಾಮೆನ್‌ಗೆ ಬಾನಿತ್ಸಾ ಸೇರಲಿಲ್ಲ.

ಎರಡು ದಿನದ ಮೇಲೆ ಎಲೆಕೋಸಿನ ಚಿತ್ರದ ಕೆಳಗೆ ಕ್ರಾಸಿಮಿರ್ ಹೀಗೆ ಬರೆದಿದ್ದ: "ಒಂದು ಮಾತು. ನಿಮ್ಮ ಎಲ್ಲ ಚಿತ್ರಗಳಲ್ಲೂ ಮೇಲೆ, ಎಡಮೂಲೆಯಲ್ಲಿ, ಒಂದು ಕಪ್ಪು ಚುಕ್ಕೆ ಇದೆ. ಕ್ಯಾಮೆರಾದ ಒಳಗೆ ಸೆನ್ಸರ್ ಮೇಲೆ ಧೂಳು ಕೂತಿದೆ. ಯಾರ ಹತ್ತಿರವಾದರೂ ತೆಗೆಸಿ."

ಧೂಳೂ ಒರೆಸದ ಹೆಂಗಸು ಎಂದು ಸ್ತಾಮೆನ್‌ಗೆ ಒಳಗೊಳಗೇ ಖುಷಿಯಾಯಿತು. ಚುಕ್ಕೆಯನ್ನು ಕಣ್ಣಾರೆ ನೋಡಿ ಆನಂದಿಸೋಣವೆಂದು ಚಿತ್ರವನ್ನು ದೊಡ್ಡದು ಮಾಡಿದ. ನೋಡಿದರೆ ಎಲ್ಲೋ ಕಂಡ ಚುಕ್ಕೆ. ಸ್ವಲ್ಪ ಉದ್ದ, ಒಂದು ತುದಿ ಬಾಗಿದೆ, ರೆಕ್ಕೆಯ ಹಾಗೆ. ಖುಷಿ ಅಲ್ಲಿಗೇ ನಿಂತಿತು. ಅವನು ‘ಒಂಟಿ ಹಕ್ಕಿ’ ತೆರೆದ. ಅಂಗಡಿಯ ಸ್ಕೇಲು ತಂದು ಪರದೆಗೆ ಹಿಡಿದು ಅಳೆದ. ಎಡದಿಂದ ಅಷ್ಟೇ, ಮೇಲಿನಿಂದ ಅಷ್ಟೇ. ಇನ್ನೊಂದು ಚಿತ್ರ ತೆರೆದ, ಮತ್ತೊಂದು ತೆರೆದ. ಆರು ವರ್ಷದ ಆಕಾಶಗಳಲ್ಲೆಲ್ಲ ಹಕ್ಕಿ ಒಂದೇ ಜಾಗದಲ್ಲಿ, ಒಂದೇ ರೆಕ್ಕೆ ಬಾಗಿಸಿಕೊಂಡು ಕೂತಿತ್ತು.

ಆ ಆಕಾಶಗಳನ್ನೆಲ್ಲ ತೆಗೆದ ಕ್ಯಾಮೆರಾವನ್ನು ಅವನು ಹೋದ ಬೇಸಿಗೆಯಲ್ಲಿ ಹಳೇ ಸಾಮಾನಿನ ಅಂಗಡಿಗೆ ಕೊಟ್ಟಿದ್ದ. "ಈ ಡಬ್ಬದಲ್ಲಿ ಇನ್ನೇನೂ ಉಳಿದಿಲ್ಲ, ಇದರಿಂದಲೇ ನನಗೆ ಮುಂದಕ್ಕೆ ಹೋಗಲಾಗುತ್ತಿಲ್ಲ" ಎಂದು ಕಂಡವರಿಗೆಲ್ಲ ಹೇಳಿ ಹೊಸದು ಕೊಂಡಿದ್ದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಬೇರೆ ಯಾರಾದರೂ ಆಗಿದ್ದರೆ ಹಕ್ಕಿ ಹೋಯಿತಲ್ಲ ಎಂದು ಅಳುತ್ತಿದ್ದರು. ಹೊಟ್ಟೆಕಿಚ್ಚಿನವನ ಲೆಕ್ಕವೇ ಬೇರೆ. ಆ ಎಲೆಕೋಸು ನನ್ನ ಕ್ಯಾಮೆರಾದಿಂದ ಬಂದದ್ದು ಎಂಬುದೊಂದೇ ಅವನ ತಲೆಯಲ್ಲಿ ಸುತ್ತತೊಡಗಿತು. ನನ್ನ ಡಬ್ಬದೊಳಗೆ ಇಷ್ಟೆಲ್ಲ ಇತ್ತು. ಅವಳ ಕೈಗೆ ಹೋದ ಮೇಲೆ ಹೊರಗೆ ಬಂತು. ಹಾಗಾದರೆ ಅದು ನನ್ನದೇ.

ಒಂಬತ್ತನೇ ನಂಬರಿನ ಟ್ರಾಲಿಬಸ್ಸಿನ ಕೊನೆಯ ನಿಲ್ದಾಣದಲ್ಲಿ ಅವಳನ್ನು ಹುಡುಕುವುದು ಕಷ್ಟವಾಗಲಿಲ್ಲ. ಚಿತ್ರಗಳೆಲ್ಲ ಅದೇ ದಾರಿಯವು. ‘ಒಂಬತ್ತು’ ಎಂದರೆ ಆ ಬಸ್ಸಿನ ಚಾಲಕಿಯೇ, ಹೆಸರು ರುಮ್ಯಾನಾ, ನಲವತ್ತೈದರ ಆಸುಪಾಸು. ಬಸ್ಸು ನಿಲ್ಲಿಸಿ, ಮೆಟ್ಟಿಲ ಮೇಲೆ ಕೂತು ಸೂರ್ಯಕಾಂತಿ ಬೀಜ ತಿನ್ನುತ್ತಿದ್ದಳು. ಸ್ತಾಮೆನ್ ಹೆಸರು ಹೇಳಿದ್ದೇ ತಡ, ಕೈ ಕೊಡವಿ ಎದ್ದು ನಿಂತಳು.

"ಅಯ್ಯಯ್ಯೋ, ಮೇಷ್ಟ್ರು! ಲೈಬ್ರರೀಲಿ ನಿಮ್ಮ ನದಿ ಫೋಟೋ ನೋಡೇ ನಾನು ಕಿಟಕಿಗೆ ಸೇರಿದ್ದು, ಗೊತ್ತಾ?"

"ನಿಮ್ಮ ಕೈಲಿರೋ ಕ್ಯಾಮೆರಾ ನಂದಾಗಿತ್ತು," ಎಂದ ಸ್ತಾಮೆನ್.

"ಗೊತ್ತು," ಎಂದಳು ರುಮ್ಯಾನಾ. ಹೇಗೆ ಗೊತ್ತು ಎಂದು ಅವನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

"ಹೊಸದು ಭಾರ ಕಣಮ್ಮ, ಮಣಿಕಟ್ಟು ನೋಯತ್ತೆ. ಹಳೇದ್ರ ಮೇಲೆ ಮನಸ್ಸು. ಅದಲು ಬದಲು ಮಾಡ್ಕೊಳ್ಳೋಣ್ವಾ? ಪ್ರದರ್ಶನ ಮುಗಿಯೋ ತನಕ?"

ಅವಳು ಒಮ್ಮೆ ಅವನ ಹೊಸ ಕ್ಯಾಮೆರಾವನ್ನೂ ಒಮ್ಮೆ ಅವನ ಮುಖವನ್ನೂ ನೋಡಿದಳು. "ನಿಮಗೇ ನಷ್ಟ, ಮೇಷ್ಟ್ರೇ. ಇದರಲ್ಲಿ ಧೂಳಿದೆ, ಇನ್ನೂ ತೆಗೆಸಿಲ್ಲ."

"ಪರವಾಗಿಲ್ಲ, ಪರವಾಗಿಲ್ಲ," ಎಂದು ಸ್ತಾಮೆನ್ ಹೆಚ್ಚುಕಮ್ಮಿ ಅವಳ ಕೈಯಿಂದ ಕಿತ್ತುಕೊಂಡ.

ಅಂದಿನಿಂದ ಪ್ರತಿ ಭಾನುವಾರ ಅವನು ಅವಳ ಬಸ್ಸು ಹತ್ತಿ, ಚಾಲಕಿಯ ಹಿಂದಿನ ಸೀಟಿನಲ್ಲಿ ಕೂರತೊಡಗಿದ. ಅವಳು ನಿಲ್ದಾಣದಲ್ಲಿ ಇಳಿದು ಎಲ್ಲಿ ನಿಂತಳೋ ಅಲ್ಲೇ ನಿಂತ. ಅವಳು ತೆಗೆದ ಮುದುಕಿಯನ್ನೇ, ಅವಳು ತೆಗೆದ ಕೊಚ್ಚೆಯನ್ನೇ ತೆಗೆದ. ಮನೆಗೆ ಬಂದು ನೋಡಿದರೆ ಮುದುಕಿ ಬರೀ ಮುದುಕಿ, ಕೊಚ್ಚೆ ಬರೀ ಕೊಚ್ಚೆ. ಆದರೂ ಗೋಡೆಗೆ ಹಾಕಿದ. "ಭೇಷ್ ಮೇಷ್ಟ್ರೇ!" ಎಂದರು. ಒಬ್ಬನಂತೂ "ಹಕ್ಕಿ ಮರಳಿ ಬಂತು!" ಎಂದು ಬರೆದ. ಮೊದಲು ಬೆಣ್ಣೆಯಂತೆ ಇಳಿಯುತ್ತಿದ್ದ ಹೊಗಳಿಕೆ ಈಗ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು.

ಅತ್ತ ಹೊಸ ಕ್ಯಾಮೆರಾದಲ್ಲಿ ರುಮ್ಯಾನಾಳ ಚಿತ್ರಗಳು ಇನ್ನೂ ಚೆನ್ನಾಗಿ ಬಂದವು. ಅವಳು ಮಾತ್ರ ಇನ್ನೂ ಮೇಜಿನಲ್ಲೇ ಇದ್ದಳು, ಇನ್ನೂ "ಎಲ್ಲಿ ತಪ್ಪಿದೆ ಹೇಳಿ" ಎಂದೇ ಕೇಳುತ್ತಿದ್ದಳು. ಹಿಂದೆ ಕೂತ ಸ್ತಾಮೆನ್ ಅವಳ ಬೆನ್ನನ್ನು ನೋಡುತ್ತ, ಇವಳ ಕಣ್ಣನ್ನೂ ಅದಲು ಬದಲು ಮಾಡಿಕೊಳ್ಳುವಂತಿದ್ದರೆ ಎಂದು ಕುದಿಯುತ್ತಿದ್ದ. ದ್ವೇಷವೇನೂ ಇರಲಿಲ್ಲ, ಒಳ್ಳೆಯ ಹೆಂಗಸು. ಅದು ಇನ್ನಷ್ಟು ಉರಿಸುತ್ತಿತ್ತು.

ಮಾರ್ಚಿನ ಒಂದು ಭಾನುವಾರ ಕೊನೆಯ ನಿಲ್ದಾಣದಲ್ಲಿ ಅವಳು ತಿರುಗಿ ಹೇಳಿದಳು: "ಮೇಷ್ಟ್ರೇ, ಈಗ ಕನ್ನಡೀಲಿ ನಿಮ್ದೊಂದು ತೆಗ್ದೆ. ಹಾಕ್ಲಾ?"

ಕಲಾವಿದ ಕೆಲಸದಲ್ಲಿ ಮಗ್ನ ಎಂದು ಸ್ತಾಮೆನ್ ಕಲ್ಪಿಸಿಕೊಂಡ. "ಹಾಕಮ್ಮ, ಅದಕ್ಕೇನಂತೆ," ಎಂದ. ನೋಡಲೂ ಇಲ್ಲ. ಆಮೇಲೆ ಹಠ ಹಿಡಿದು ಅವಳ ಚಿತ್ರಗಳನ್ನು ನೋಡುವುದನ್ನೇ ಬಿಟ್ಟುಬಿಟ್ಟ. ನೋಡದಿದ್ದರೆ ಉರಿ ಕಡಿಮೆಯಾಗುತ್ತದೆ ಎಂಬುದು ಅವನ ಆಸೆ.

ಏಪ್ರಿಲ್ ಕೊನೆಗೆ ಓಟಿನ ಫಲ ಬಂತು. ದೊಡ್ಡ ಮೊಳೆ ರುಮ್ಯಾನಾಳ ‘ಪ್ರಯಾಣಿಕ’ ಎಂಬ ಚಿತ್ರಕ್ಕೆ. ಸ್ತಾಮೆನ್ ಎರಡು ದಿನ ಅಂಗಡಿಯಲ್ಲಿ ಯಾರ ಜೊತೆಯೂ ಸರಿಯಾಗಿ ಮಾತಾಡಲಿಲ್ಲ. ಪ್ರದರ್ಶನಕ್ಕೆ ಹೋಗುವುದಿಲ್ಲ ಎಂದ. "ಹೋಗದೇ ಇದ್ರೆ ಎಲ್ಲರಿಗೂ ಗೊತ್ತಾಗತ್ತೆ, ಶರ್ಟು ಹಾಕ್ಕೋ," ಎಂದು ದೋನ್ಕಾ ಎಳೆದುಕೊಂಡು ಹೋದಳು.

ಬಾಗಿಲು ದಾಟಿದ್ದೇ ಎದುರಿಗೆ ಅವನೇ ಇದ್ದ. ಚಾಲಕಿಯ ಕನ್ನಡಿಯೊಳಗೆ, ಎದೆಗೆ ಹಳೇ ಕ್ಯಾಮೆರಾ ಅವುಚಿಕೊಂಡು, ಪಕ್ಕದ ಕಿಟಕಿಯಿಂದ ಬಂದ ಬಿಸಿಲು ಅರ್ಧ ಮುಖಕ್ಕೆ ಬಿದ್ದು, ತುಟಿ ಬಿಗಿದು, ಎದುರಿನವಳ ಬೆನ್ನನ್ನೇ ನೋಡುತ್ತಿರುವ ಒಬ್ಬ ಮನುಷ್ಯ. ಪರರ ತಟ್ಟೆಯ ಮೇಲೆ ಕಣ್ಣಿಟ್ಟವನ ಮುಖ. ಏನೂ ಮುಚ್ಚಿಟ್ಟಿರಲಿಲ್ಲ. ಅದು ಅವನ ಜೀವನದಲ್ಲೇ ಅವನ ಅತ್ಯುತ್ತಮ ಚಿತ್ರ, ತೆಗೆದವಳು ಬೇರೆ.

ದೋನ್ಕಾ ಸ್ವಲ್ಪ ಹೊತ್ತು ನೋಡಿ, "ಇದೇ ಮುಖ ಕಣಯ್ಯಾ, ಆರು ತಿಂಗಳಿಂದ ನನ್ನೆದುರಿಗೆ ಊಟಕ್ಕೆ ಕೂರ್ತಿರೋದು," ಎಂದಳು.

ರುಮ್ಯಾನಾ ಜನರ ನಡುವಿನಿಂದ ಕೈ ಬೀಸಿದಳು. ಸ್ತಾಮೆನ್ ಕೈ ಬೀಸಲಾರದೆ ಹೊರಗೆ ನಡೆದ.

ಮನೆಗೆ ಬಂದು, ಮಟಮಟ ಮಧ್ಯಾಹ್ನ, ಕಂಪ್ಯೂಟರಿನ ಮುಂದೆ ಕೂತ. ಮೊಟ್ಟಮೊದಲ ಬಾರಿಗೆ ಮೇಜಿನ ಕೋಣೆಗೆ ಕಾಲಿಟ್ಟ. ಮೂರು ಚಿತ್ರ ನೋಡಿ ಬರೆಯಬೇಕು. ಪ್ಲೆವೆನ್ ಊರಿನ ಯಾರದೋ ನಾಯಿಯ ಚಿತ್ರಕ್ಕೆ "ಚೆನ್ನಾಗಿದೆ" ಎಂದು ಬರೆದ, ಅಳಿಸಿದ. ಬೇರೆಯವರ ಚಿತ್ರವನ್ನು ಹೊಟ್ಟೆಯಿಂದಲ್ಲದೆ ಕಣ್ಣಿನಿಂದ ನೋಡಿ ಎಷ್ಟು ವರ್ಷವಾಗಿತ್ತೋ. ಇಪ್ಪತ್ತು ನಿಮಿಷ ನೋಡಿದ ಮೇಲೆ ಬರೆದ: "ಮುಂಗಾಲು ಕತ್ತರಿಸಿಹೋಗಿದೆ. ಮೊಣಕಾಲೂರಿ ತೆಗೆದಿದ್ದರೆ ಸಿಗುತ್ತಿತ್ತು." ಎರಡನೆಯದು ಒಂದು ಸೇತುವೆ, ಅದಕ್ಕೂ ಎರಡು ಸಾಲು ಬರೆದ. ಮೂರನೆಯದಾಗಿ ‘ಪ್ರಯಾಣಿಕ’ನನ್ನು ಹುಡುಕಿ ತೆಗೆದ. ಬಹಳ ಹೊತ್ತು ನೋಡಿದ. "ಹಿಂದಿನ ಕಂಬಿ ತಲೆಯ ಮೇಲೆ ಕೊಂಬಿನ ಹಾಗೆ ಎದ್ದಿದೆ. ಒಂದು ಗೇಣು ಎಡಕ್ಕೆ ಸರಿದಿದ್ದರೆ ತಪ್ಪುತ್ತಿತ್ತು. ಮುಖದಲ್ಲಿ ತಪ್ಪಿಲ್ಲ. ಅದು ಇರುವುದೇ ಹಾಗೆ."

ಆಮೇಲೆ ‘ಒಂಟಿ ಹಕ್ಕಿ’ಯನ್ನು ಮೇಜಿನ ಮೇಲಿಟ್ಟು, ಕೆಳಗೆ "ಇದರಲ್ಲಿ ಏನು ತಪ್ಪು?" ಎಂದು ಕೇಳಿದ.

ಐದು ನಿಮಿಷದಲ್ಲಿ ರುಮ್ಯಾನಾಳ ಉತ್ತರ ಬಂತು, ಲೈಬ್ರರಿಯಿಂದಲೇ ಇರಬೇಕು. "ಮೇಲೆ ಎಡಗಡೆ ಇರೋದು ಹಕ್ಕಿ ಅಲ್ಲ ಮೇಷ್ಟ್ರೇ, ಧೂಳು. ನವೆಂಬರಿಂದ ಗೊತ್ತಿತ್ತು."

"ನನಗೆ ನಾಲ್ಕು ವರ್ಷದಿಂದ," ಎಂದು ಕ್ರಾಸಿಮಿರ್ ಬರೆದ. ಅವನ ಕೆಳಗೆ ಇನ್ನೂ ಏಳು ಜನ. ಎಲ್ಲರಿಗೂ ಗೊತ್ತಿತ್ತು.

"ಮತ್ತೆ ಯಾರೂ ಯಾಕ್ರೀ ಹೇಳ್ಲಿಲ್ಲ?" ಎಂದು ಸ್ತಾಮೆನ್ ಬರೆದ.

"ನೀವು ಗೋಡೆಗೆ ಹಾಕಿದ್ರಲ್ಲ," ಎಂದಳು ರುಮ್ಯಾನಾ. "ಕೇಳ್ದೇ ಇದ್ದೋರಿಗೆ ಹೇಗೆ ಹೇಳೋದು? ಈಗ ಕೇಳಿದೀರಿ. ಹಕ್ಕಿ ಬಿಡಿ, ಅದು ಬೇಕೇ ಇರ್ಲಿಲ್ಲ. ಆಕಾಶ ಜಾಸ್ತಿ ಆಗಿದೆ. ಮೇಲಿನ ಅರ್ಧ ಕತ್ತರಿಸಿ ನೋಡಿ. ಬಲಗಡೆ ದಡದಲ್ಲಿ ಒಬ್ಬ ದೋಣಿ ಕಟ್ತಿದಾನೆ, ಸಣ್ಣಕ್ಕೆ. ಫೋಟೋ ಅವನದು."

ಆರು ವರ್ಷದಲ್ಲಿ ಸ್ತಾಮೆನ್ ಆ ಮನುಷ್ಯನನ್ನು ಒಂದು ಸಲವೂ ನೋಡಿರಲಿಲ್ಲ. ಮೇಲಿನ ಅರ್ಧ ಕತ್ತರಿಸಿದ. ಹಕ್ಕಿ ಆಕಾಶದ ಜೊತೆಗೇ ಹೋಯಿತು. ಕತ್ತಲಾಗುತ್ತಿರುವ ನೀರಿನ ಅಂಚಿನಲ್ಲಿ, ಹಗ್ಗ ಹಿಡಿದು ಬಗ್ಗಿದ ಒಬ್ಬ ಮನುಷ್ಯ ಉಳಿದ. ಚಿತ್ರ ಚೆನ್ನಾಗಿತ್ತು. ಅವಳಿಗೆ ಇದು ಮೊದಲೇ ಹೇಗೆ ಕಂಡಿತು ಎಂದು ಸ್ತಾಮೆನ್‌ನ ಹೊಟ್ಟೆ ಮತ್ತೊಮ್ಮೆ ಚುರ್ರೆಂದಿತು. ಅವನು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, "ಇನ್ನೇನು ತಪ್ಪಿದೆ, ಹೇಳಿ," ಎಂದು ಬರೆದ.