ಕರೆಂಟ್ ಬರುವ ಜಾಗ

ಲತೀಶ ಏಳನೆಯ ಸ್ಕ್ರೂ ಬಿಚ್ಚಿ ಸ್ಟೀಲ್ ಬಟ್ಟಲಿಗೆ ಹಾಕಿದ. ಟಣ್ ಎಂದ ಸದ್ದಿಗೆ ಹಾಲ್‌ನಲ್ಲಿ ಕುಳಿತ ಹೆಂಗಸರೆಲ್ಲ ಅಡುಗೆಮನೆಯತ್ತ ಕತ್ತು ಚಾಚಿದರು.

"ಮೆಲ್ಲಗೆ ಮಾಡು ಮಾರಾಯ," ಎಂದ ಮುರಾರಿ. "ಅಕ್ಕ ಆಚೆ ಮಲಗಿದ್ದಾಳೆ."

ಹಾಲ್‌ನ ನಡುವೆ ಚಾಪೆಯ ಮೇಲೆ ಜಯಲತಾ ಮಲಗಿದ್ದರು. ತಲೆಯ ಬಳಿ ದೀಪ, ಪಕ್ಕದಲ್ಲಿ ತುಳಸಿ ಎಸಳು ಹಾಕಿದ ನೀರಿನ ಚೆಂಬು. ಬೆಳಗ್ಗೆ ಹಾಲಿನ ಪೊಟ್ಟಣ ತೆಗೆದುಕೊಳ್ಳಲು ಬಾಗಿಲು ತೆರೆದವರು ಅಲ್ಲೇ ಕುಸಿದಿದ್ದರು. ಡಾಕ್ಟರು ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅರವತ್ತೊಂದು ವರ್ಷ, ಸಕ್ಕರೆ ಕಾಯಿಲೆ ಕೂಡ ಇರಲಿಲ್ಲ. ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ, ಸರಿ. ಆದರೆ ಆ ಖಾಲಿ ಅಡುಗೆಕಟ್ಟೆಯ ಮೇಲೆ ಲ್ಯಾಪ್‌ಟಾಪ್ ರಿಪೇರಿ ನಡೆಯುವುದನ್ನು ಮುಂಬಯಿ ಪಕ್ಕದ ಡೊಂಬಿವಲಿಯ ಆ ಕಟ್ಟಡದಲ್ಲಿ ಯಾರೂ ಕಂಡಿರಲಿಲ್ಲ. ಹೆಂಗಸರು ಅಳು ನಡುವೆ ನಿಲ್ಲಿಸಿ ಪಿಸುಪಿಸು ಎನ್ನುತ್ತಿದ್ದರು.

"ಎಷ್ಟು ಹೊತ್ತು ಬೇಕು?" ಮುರಾರಿ ಗಡಿಯಾರ ನೋಡಿದ. ಎರಡು ಗಂಟೆ ದಾಟಿತ್ತು. ಸ್ಮಶಾನದಲ್ಲಿ ನಾಲ್ಕಕ್ಕೆ ಹೇಳಿಟ್ಟಿದ್ದವನು ಅವನೇ. ಜಯಲತಾರ ತಮ್ಮ ಅವನು. ಮನೆಯ ಒಳ್ಳೆಯದು ಕೆಟ್ಟದ್ದಕ್ಕೆಲ್ಲ ಮೊದಲು ಓಡಿ ಬರುವವನು.

"ಹೇಗೆ ಹೇಳುವುದು ಮುರಾರಿಯಣ್ಣ? ಚಾರ್ಜರ್ ಸರಿ ಉಂಟು, ಮೀಟರ್ ಹಿಡಿದು ನೋಡಿದೆ. ಇದಕ್ಕೆ ಹಾಕಿದ್ರೆ ಲೈಟೇ ಬರುವುದಿಲ್ಲ. ಬ್ಯಾಟರಿ ತೆಗೆದು ಬಟನ್ ಅರ್ಧ ನಿಮಿಷ ಒತ್ತಿ ಹಿಡಿದೆ. ಕೆಲವು ಸಲ ಅಷ್ಟಕ್ಕೇ ಎದ್ದು ಕೂತ್ಕೊಳ್ತದೆ, ಸತ್ತದ್ದು ಕೂಡ..."

ಲತೀಶ ನಾಲಿಗೆ ಕಚ್ಚಿಕೊಂಡ. ಕಲ್ಯಾಣದ ಸ್ಟೇಷನ್ ಬಳಿ ಅವನದೊಂದು ಸಣ್ಣ ರಿಪೇರಿ ಅಂಗಡಿ. ಅಲ್ಲಿ ದಿನಕ್ಕೆ ಹತ್ತು ಸಲ ಹೇಳುವ ಮಾತು ಅದು.

ಗೋಡೆಗೆ ಒರಗಿ ಕುಳಿತಿದ್ದ ತಾರಾನಾಥರು ಇದೆಲ್ಲವನ್ನೂ ಕೇಳಿಸಿಕೊಂಡರು. ಹೆಂಡತಿಯ ಹೆಣದ ಮುಂದೆ ಕುಳಿತವರು ಒಂದು ಸಲವೂ ಅಡುಗೆಮನೆಯತ್ತ ತಿರುಗಲಿಲ್ಲ.

ಲ್ಯಾಪ್‌ಟಾಪಿನ ವಿಷಯ ಹೊರಬಿದ್ದದ್ದು ಬೆಳಗ್ಗೆ. ಪ್ರಿಯಂವದಾಳಿಗೆ ಹೇಗೆ ತಿಳಿಸುವುದು ಎಂದು ಮುರಾರಿ ಕೇಳಿದಾಗ ಎಲ್ಲರೂ ತಾರಾನಾಥರತ್ತ ನೋಡಿದರು. ಪ್ರಿಯಂವದಾ ತಾರಾನಾಥರು, ಜಯಲತಾರ ಒಬ್ಬಳೇ ಮಗಳು. ಐದು ವರ್ಷದ ಹಿಂದೆ ಆಫೀಸಿನ ಹುಡುಗನೊಬ್ಬನನ್ನು ತಾನೇ ಮದುವೆಯಾಗಿ ಬಂದಿದ್ದಳು. ಜಾತಿ ಬೇರೆ, ಭಾಷೆ ಬೇರೆ. "ಇನ್ನು ನನ್ನ ಹೊಸ್ತಿಲು ತುಳಿಯಬೇಡ," ಎಂದು ತಾರಾನಾಥರು ಬಾಗಿಲು ಹಾಕಿದ್ದರು. ಆಮೇಲೆ ಆ ಮನೆಯಲ್ಲಿ ಅವಳ ಹೆಸರು ಎತ್ತಿದವರಿಲ್ಲ. ಇದ್ದ ಒಂದು ಮೊಬೈಲ್ ಸದಾ ತಾರಾನಾಥರ ಅಂಗಿಯ ಕಿಸೆಯಲ್ಲಿ. ಅದರಲ್ಲಿ ಮಗಳ ನಂಬರ್ ಇರಲಿಲ್ಲ.

ಆಗ ಎದುರು ಮನೆಯ ಮಾನಸಿ ಅಳುತ್ತಾ ಬಂದಳು. ಊರು ವಿಜಾಪುರದ ಕಡೆ, ಹುಟ್ಟಿ ಬೆಳೆದದ್ದು ಇಲ್ಲೇ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿಗೆ ಬರುವುದು ಹಿಂದಿ.

"ಆಂಟಿ ರೋಜ್ ದೀದೀ ಸೇ ಬಾತ್ ಕರ್ತೀ ಥೀ, ಮಾಮಾ. ಲ್ಯಾಪ್‌ಟಾಪ್ ಪೇ. ತೀನ್ ಬಜೇ." ಗಂಡ ಕೆಲಸಕ್ಕೆ ಹೋದ ಮೇಲೆ ಜಯಲತಾ ದಿನಾ ಮೂರು ಗಂಟೆಗೆ ಲ್ಯಾಪ್‌ಟಾಪಿನಲ್ಲಿ ಮಗಳ ಜೊತೆ ಮಾತಾಡುತ್ತಿದ್ದರಂತೆ.

ಮಾನಸಿ ತನ್ನ ಹಳೆಯದು ಎಂದು ತಂದುಕೊಟ್ಟಿದ್ದ ಆ ಲ್ಯಾಪ್‌ಟಾಪ್ ಕೂಡ ಅವಳದಲ್ಲ, ಪ್ರಿಯಂವದಾ ಅವಳ ಕೈಯಲ್ಲಿ ಕೊಟ್ಟು ಹೋದದ್ದು. ಎಲ್ಲ ಪ್ರಿಯಂವದಾಳೇ ಜೋಡಿಸಿದ್ದಳು. ಆನ್ ಮಾಡಿ ಹಸಿರು ಬಟನ್ ಒತ್ತಿದರೆ ಸಾಕು. ಮಾನಸಿಯ ಫೋನಿನಲ್ಲಿ ಅವಳ ನಂಬರ್ ಇತ್ತು, ಆದರೆ ಹೋದ ತಿಂಗಳು ಲೋಕಲ್ ಟ್ರೇನಿನ ನೂಕುನುಗ್ಗಲಲ್ಲಿ ಫೋನೇ ಹೋಯಿತು. ನವಿ ಮುಂಬಯಿಯ ಐರೋಲಿಯಲ್ಲಿ ಇರುವುದು ಎಂಬಷ್ಟು ಗೊತ್ತು. ಐರೋಲಿಯಲ್ಲಿ ಬಿಲ್ಡಿಂಗುಗಳಿಗೇನು ಬರವೇ? ಇನ್ನು ದಾರಿಯೆಂದರೆ ಲ್ಯಾಪ್‌ಟಾಪ್ ಒಂದೇ, ಅದೋ ಒಂಬತ್ತು ದಿನದಿಂದ ಜಪ್ಪಯ್ಯ ಎಂದರೂ ಏಳುತ್ತಿಲ್ಲ.

"ಭಾವ," ಎಂದ ಮುರಾರಿ ಆಗ ತಾರಾನಾಥರ ಎದುರು ಕುಕ್ಕರಗಾಲಲ್ಲಿ ಕುಳಿತು, "ನಿಮ್ಮ ಸಿಟ್ಟು ನಿಮಗಿರಲಿ. ಹೆತ್ತವಳ ಬಾಯಿಗೆ ನೀರು ಬಿಡ್ಲಿಕ್ಕೆ ಇದ್ದ ಒಬ್ಬಳು ಮಗಳೂ ಬೇಡ್ವಾ?"

ತಾರಾನಾಥರು ಚೆಂಬಿನತ್ತ ನೋಡಿದರು. ಮುರಾರಿ ಅದನ್ನೇ ಒಪ್ಪಿಗೆ ಎಂದುಕೊಂಡು ಲತೀಶನಿಗೆ ಫೋನ್ ಮಾಡಿದ್ದ.

*

ಒಂಬತ್ತು ದಿನದ ಹಿಂದೆ ಆಯುಧಪೂಜೆ. ತಾರಾನಾಥರಿಗೆ ದೀಪಾವಳಿಗಿಂತಲೂ ದೊಡ್ಡ ಹಬ್ಬ ಅದು. ಠಾಣೆಯ ವಾಗ್ಳೆ ಎಸ್ಟೇಟಿನ ಕಾರ್ಖಾನೆಯೊಂದರಲ್ಲಿ ಮೂವತ್ತೊಂದು ವರ್ಷ ಕಬ್ಬಿಣ ಕಡೆಯುವ ಲೇಥ್ ಮೆಷಿನ್‌ಗಳ ನಡುವೆ ದುಡಿದು ಫೋರ್‌ಮನ್ ಆಗಿ ನಿವೃತ್ತರಾದವರು. ಈಗಲೂ ಮಧ್ಯಾಹ್ನ ಊಟ ಮುಗಿಸಿ ಕಲ್ಯಾಣದ ಒಂದು ವರ್ಕ್‌ಶಾಪಿಗೆ ಹೋಗಿ ಸಂಜೆವರೆಗೆ ಹುಡುಗರ ಕೆಲಸ ನೋಡಿಕೊಳ್ಳುತ್ತಿದ್ದರು. ಹೋಗದಿದ್ದರೆ ಊಟ ಕರಗುವುದಿಲ್ಲ ಎನ್ನುತ್ತಿದ್ದರು.

ಆ ದಿನ ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಸ್ಕೂಟರ್, ಹೊಲಿಗೆ ಯಂತ್ರ, ಯಾವುದನ್ನೂ ಅವರು ಬಿಟ್ಟಿರಲಿಲ್ಲ. ಕೊನೆಗೆ ಲ್ಯಾಪ್‌ಟಾಪ್ ಎದುರು ಕುಳಿತರು. ಒಂದು ಕೈಯಲ್ಲಿ ಗಂಧದ ಬಟ್ಟಲು, ಇನ್ನೊಂದರಲ್ಲಿ ಅಕ್ಷತೆ.

"ಇದಕ್ಕೆ ಬೇಡ ಅಂತ ಕಾಣ್ತದೆ," ಎಂದರು ಜಯಲತಾ ಅಡುಗೆಮನೆಯ ಬಾಗಿಲಲ್ಲಿ ನಿಂತು. "ಎಲೆಕ್ಟ್ರಾನಿಕ್ ಅಲ್ವಾ?"

"ಎಲೆಕ್ಟ್ರಾನಿಕ್ ಆದ್ರೆ ದೇವರು ಬೇಡ್ವಾ? ಲೇಥಿಗೆ ಮೂವತ್ತೊಂದು ವರ್ಷ ಇಟ್ಟಿದ್ದೇನೆ. ಒಂದು ದಿನ ಕೈ ಕೊಟ್ಟದ್ದುಂಟಾ?"

"ಮುಚ್ಚಳದ ಮೇಲೆ ಒಂದು ಬೊಟ್ಟು ಇಡಿ, ಸಾಕು."

"ನಿನಗೆ ಗೊತ್ತಿಲ್ಲ. ಮೆಷಿನಿನ ತಲೆಗಲ್ಲ, ಕರೆಂಟ್ ಬರುವ ಜಾಗಕ್ಕೆ ಇಡಬೇಕು. ನಾವು ಯಾವಾಗಲೂ ಮೇನ್ ಸ್ವಿಚ್ಚಿಗೇ ಇಡುವುದು."

ಲ್ಯಾಪ್‌ಟಾಪನ್ನು ತಿರುಗಿಸಿ ತಿರುಗಿಸಿ ನೋಡಿ, ಬದಿಯಲ್ಲಿದ್ದ ಚಾರ್ಜರಿನ ತೂತು ಪತ್ತೆಮಾಡಿದರು. ಗಂಧವನ್ನು ಹೆಬ್ಬೆರಳಿನಿಂದ ಅದರ ಮೇಲೆ ಚೆನ್ನಾಗಿ ಒತ್ತಿ, ಅಕ್ಷತೆ ಹಾಕಿ ಕೈಮುಗಿದರು. ತಾರಾನಾಥರು ಯಾವುದನ್ನೂ ಅರೆಮನಸ್ಸಿನಿಂದ ಮಾಡಿದವರಲ್ಲ, ಬಾಗಿಲು ಹಾಕುವುದನ್ನೂ ಅಷ್ಟೆ. ಜಯಲತಾ ಪಾಯಸಕ್ಕೆ ಏಲಕ್ಕಿ ಕುಟ್ಟಲು ಹೋದರು.

*

"ವಯರ್ ಕಿತ್ತು ಹೋಗಿರಬೇಕು ಅಂದ್ಕೊಂಡಿದ್ದೆ," ಎಂದ ಲತೀಶ, ಲ್ಯಾಪ್‌ಟಾಪಿನ ಹೊಟ್ಟೆ ತೆರೆದು. "ಈ ಮಾಡೆಲಿಗೆ ಅದೇ ಕಾಯಿಲೆ. ಆದ್ರೆ ವಯರ್ ಗಟ್ಟಿ ಉಂಟಲ್ಲ! ಮಾನಸಿ, ಇಲ್ಲಿ ಸ್ವಲ್ಪ ಟಾರ್ಚ್ ಹಿಡಿ."

ಮಾನಸಿ ಹಿಡಿದಳು. ಹಾಲ್‌ನಿಂದ ಇಬ್ಬರು ಹೆಂಗಸರು ನೀರು ಕುಡಿಯುವ ನೆಪದಲ್ಲಿ ಎದ್ದು ಬಂದರು. ಲತೀಶ ಒಂದು ಕಣ್ಣು ಮುಚ್ಚಿ ಚಾರ್ಜರಿನ ತೂತಿಗೆ ಇಣುಕಿದ. ಒಳಗೆ ಹಳದಿಯಾಗಿ ಏನೋ ಗಟ್ಟಿ ಕಟ್ಟಿತ್ತು. ಸೂಜಿಯಿಂದ ಕೆರೆದ, ಪುಡಿ ಉದುರಿತು. ಮೂಗಿನ ಬಳಿ ತಂದು ಮೂಸಿದ.

"ಇದೆಂಥ ಮಾರ್ರೆ, ಗಂಧ!"

ಮತ್ತೆ ಸೂಜಿ ಹಾಕಿ, ಉಸಿರು ಬಿಗಿಹಿಡಿದು ಮೆಲ್ಲನೆ ಮೀಟಿದ. ತುದಿಗೆ ಅಂಟಿಕೊಂಡು ಕುಂಕುಮ ಹಿಡಿದ ಒಂದು ಅಕ್ಕಿಕಾಳು ಹೊರಬಂತು.

"ನೋಡಿ! ಇದು ಅಡ್ಡ ಕೂತ್ರೆ ಪಿನ್ ಹೇಗೆ ಹೋಗ್ತದೆ? ಹಳೆ ಬ್ಯಾಟರಿ, ಅದರಲ್ಲಿ ಇದ್ದದ್ದು ಗಂಟೆಯೊಳಗೆ ಮುಗಿದು ಬಂದ್. ಯಾರೋ ಪುಣ್ಯಾತ್ಮರು ಇದಕ್ಕೆ ಪೂಜೆ ಮಾಡಿದ್ದಾರೆ." ಇಂಥದ್ದು ಹತ್ತು ವರ್ಷದಲ್ಲಿ ಕಂಡಿರಲಿಲ್ಲ, ಲತೀಶನಿಗೆ ನಗು ತಡೆಯಲಾಗಲಿಲ್ಲ.

ಯಾರೂ ಅವನ ಜೊತೆ ನಗಲಿಲ್ಲ. ಅವನು ತಲೆ ಎತ್ತಿ ನೋಡಿದ. ಅಡುಗೆಮನೆಯ ಬಾಗಿಲಲ್ಲಿ ತಾರಾನಾಥರು ನಿಂತಿದ್ದರು.

"ನಾನು ಮಾಡಿದ್ದು," ಎಂದರು.

ಲತೀಶನ ಮುಖ ಸಣ್ಣದಾಯಿತು. ತಾರಾನಾಥರು ಹತ್ತಿರ ಬಂದು ಅಕ್ಕಿಕಾಳನ್ನು ಅಂಗೈಗೆ ಹಾಕಿಸಿಕೊಂಡರು. ಹಿಂದಿನ ಶನಿವಾರ ನೆನಪಾಯಿತು. ಅಂದು ಮೈ ಬಿಸಿ ಎಂದು ವರ್ಕ್‌ಶಾಪಿನಿಂದ ಬೇಗ ಬಂದಿದ್ದರು. ಜಯಲತಾ ತಲೆ ಬಾಚಿ, ಒಳ್ಳೆಯ ಸೀರೆ ಉಟ್ಟು, ಕಪ್ಪಾಗಿದ್ದ ಲ್ಯಾಪ್‌ಟಾಪಿನ ಎದುರು ಕುಳಿತಿದ್ದರು. ಬಳೆಯಿಂದ ತೆಗೆದ ಪಿನ್ನಿನಿಂದ ಅದರ ಬದಿಗೆ ಚುಚ್ಚುತ್ತಿದ್ದರು.

"ಎಂಥ ಮಾಡ್ತಿದ್ದಿ?"

"ಏನಿಲ್ಲ. ಧೂಳು ಕೂತಿದೆ." ಪಿನ್ನನ್ನು ಬಳೆಗೆ ಸಿಕ್ಕಿಸಿ ಎದ್ದು, ಅವರಿಗೆ ಗಂಜಿ ಮಾಡಲು ಹೋಗಿದ್ದರು.

ಹಾಗಾದರೆ ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಹೇಳಲಿಲ್ಲ. ಹೇಳುವುದಾದರೆ ಎರಡು ಮಾತು ಹೇಳಬೇಕಿತ್ತು: ಗಂಡನ ಪೂಜೆಯಿಂದ ಅದು ಕೆಟ್ಟಿತು ಎಂಬುದು ಒಂದು, ಅದು ಕೆಟ್ಟು ತನಗೆ ಏನು ತಪ್ಪಿತು ಎಂಬುದು ಇನ್ನೊಂದು. ಮೊದಲನೆಯದನ್ನು ಕೇಳಿದ್ದರೆ ಅವರು ನೊಂದುಕೊಳ್ಳುತ್ತಿದ್ದರು, ಎರಡನೆಯದಕ್ಕೆ ಕೂಗಾಡುತ್ತಿದ್ದರು. ಮೂವತ್ತಾರು ವರ್ಷ ಜೊತೆಗಿದ್ದವಳಿಗೆ ಅಷ್ಟು ತಿಳಿಯದೇ?

"ಆಂಟಿನೇ ಮುಝೆ ಬೋಲಾ ಥಾ," ಮಾನಸಿ ಬಿಕ್ಕಿದಳು. "ಕಲ್ಯಾಣ್ ಲೇಕೇ ಜಾ, ಅಂಕಲ್ ಕೋ ಮತ್ ಬತಾನಾ. ಮೈನೇ ಕಹಾ, ಸಂಡೇ ಕೋ ಜಾವೂಂಗೀ..."

ಗಂಡನಿಗೆ ತಿಳಿಯದಂತೆ ಕಲ್ಯಾಣಕ್ಕೆ ಒಯ್ಯಲು ಜಯಲತಾ ಹೇಳಿದ್ದರು, ಭಾನುವಾರ ಒಯ್ಯುತ್ತೇನೆ ಎಂದಿದ್ದಳು ಮಾನಸಿ. ಆ ಭಾನುವಾರಕ್ಕೆ ಇನ್ನೂ ಎರಡು ದಿನವಿತ್ತು. ಒಂಬತ್ತು ದಿನ ಜಯಲತಾ ಮಗಳ ಮುಖ ನೋಡಲಿಲ್ಲ. ಆ ಒಂಬತ್ತು ದಿನವೂ ತಾರಾನಾಥರಿಗೆ ಹೊತ್ತುಹೊತ್ತಿಗೆ ಊಟ, ಚಹಾ ಬಂದಿತ್ತು. ಹೆಂಡತಿ ಸತ್ತ ಬೆಳಗಿನಿಂದ ಒಂದು ಹನಿ ಕಣ್ಣೀರು ಹಾಕದಿದ್ದ ಮನುಷ್ಯ ಈಗ ಅಕ್ಕಿಕಾಳನ್ನು ಅಂಗಿಯ ಕಿಸೆಗೆ ಹಾಕಿ ಕಣ್ಣೊರೆಸಿಕೊಂಡರು.

"ಸ್ಪಿರಿಟ್ ಉಂಟಾ?" ಎಂದರು.

"ಉಂಟು ಮಾವ."

"ಹತ್ತಿಗೆ ಹಾಕಿ ಒರೆಸು. ಒಳಗಿನ ಪಿನ್ ಹೊಳೆಯಬೇಕು. ಆ ಟಾರ್ಚ್ ಇತ್ತ ಕೊಡು ಮಗಾ." ಮಾನಸಿಯ ಕೈಯಿಂದ ಟಾರ್ಚ್ ತೆಗೆದುಕೊಂಡು ತಾವೇ ಹಿಡಿದರು. ಲತೀಶ ಎರಡು ಸಲ ಒರೆಸಿ ಸಾಕೆಂದರೆ ಅವರು ಮೂರನೆಯ ಸಲ ಒರೆಸಿಸಿದರು. ಫೋರ್‌ಮನ್ನಿನ ಕೈಕೆಳಗೆ ದುಡಿಯುವುದು ಎಂದರೇನೆಂದು ಲತೀಶನಿಗೆ ಆ ಹತ್ತು ನಿಮಿಷದಲ್ಲಿ ತಿಳಿಯಿತು.

ಸ್ಕ್ರೂಗಳೆಲ್ಲ ಮರಳಿ ಕುಳಿತಾಗ ಮೂರು ಗಂಟೆ. ಚಾರ್ಜರ್ ಚುಚ್ಚಿದರು. ಬದಿಯಲ್ಲಿ ಸಣ್ಣ ಕೆಂಪು ದೀಪ ಹತ್ತಿತು. "ಬಂತು!" ಎಂದ ಹೆಂಗಸೊಬ್ಬರು ತಾವು ಎಲ್ಲಿದ್ದೇವೆಂದು ನೆನಪಾಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಬಟನ್ ಒತ್ತಿದಾಗ ಒಳಗಿನ ಫ್ಯಾನ್ ತಿರುಗಿತು, ಪರದೆ ಬೆಳಗಿತು, ಒಂದೊಂದೇ ಚಿತ್ರ ತೆರೆದುಕೊಂಡಿತು. ಮೂಲೆಯಲ್ಲಿ ಜಯಲತಾ ಎಂಬ ಹೆಸರಿನ ಪಕ್ಕ ಹಸಿರು ಚುಕ್ಕೆ ಮೂಡಿತು.

ಯಾರೂ ಏನನ್ನೂ ಒತ್ತುವ ಮೊದಲೇ ಅದು ರಿಂಗಾಯಿತು.

ಲತೀಶ ತಾರಾನಾಥರ ಮುಖ ನೋಡಿದ. ಅವರು ತಾವೇ ಬೆರಳು ಚಾಚಿ ಹಸಿರು ಬಟನ್ ಒತ್ತಿದರು.

"ಅಮ್ಮಾ!" ಚಿತ್ರಕ್ಕಿಂತ ಮೊದಲು ದನಿ ಬಂತು. "ಎಂಥ ನೀನು, ಒಂಬತ್ತು ದಿನದಿಂದ ಪತ್ತೆ ಇಲ್ಲ! ದಿನಾ ಮೂರು ಗಂಟೆಗೆ ನೋಡ್ತಾ ಇದ್ದೆ. ಹುಷಾರುಂಟಾ? ನಾಳೆಯೂ ಕಾಣದಿದ್ರೆ ಅಪ್ಪ ಬೈದ್ರೆ ಬೈಲಿ ಅಂತ ಮನೆಗೇ..."

ಚಿತ್ರ ತಿಳಿಯಾಯಿತು. ಪ್ರಿಯಂವದಾ ಅಪ್ಪನ ಮುಖ ಕಂಡಳು. ಅವರ ಹೆಗಲ ಹಿಂದೆ, ಬಾಗಿಲಾಚೆ ಉರಿಯುತ್ತಿದ್ದ ದೀಪವನ್ನೂ ಅವಳು ಕಂಡಿರಬೇಕು.

"ಅಪ್ಪಾ... ಅಮ್ಮ ಎಲ್ಲಿ?"

"ಬಾ ಮಗಾ," ಎಂದರು ತಾರಾನಾಥರು. "ಬೆಳಗ್ಗೆ ಹೋದಳು. ನೀನು ಬಾ. ನಾನೇ ಕರೀತಿದ್ದೇನೆ, ಬಾ."

ಆ ಕಡೆ ಕುರ್ಚಿ ಹಿಂದಕ್ಕೆ ಬಿದ್ದ ಸದ್ದಾಯಿತು. ಪರದೆಯಲ್ಲಿ ಅವಳಿಲ್ಲ. ಯಾರಿಗೋ ಫೋನ್ ಮಾಡುತ್ತಾ ಅಳುವ ದನಿ ಮಾತ್ರ ಒಳಕೋಣೆಯಿಂದ ಕೇಳುತ್ತಿತ್ತು.

ಮುರಾರಿ ಮೆಲ್ಲನೆ, "ಐರೋಲಿಯಿಂದ ಠಾಣೆಗೆ ಬಂದು ಟ್ರೇನ್ ಹಿಡಿಯುವಾಗ ಐದು ಗಂಟೆ ಆಗ್ತದೆ ಭಾವ. ನಾಲ್ಕಕ್ಕೆ ಹೇಳಿದ್ದೇವೆ," ಎಂದ.

"ಫೋನ್ ಮಾಡಿ ಮುಂದೆ ಹಾಕು. ಅವಳು ನೀರು ಬಿಡದೆ ಎತ್ತುವುದಿಲ್ಲ."

ಮುರಾರಿ ಫೋನ್ ಹಿಡಿದು ಹೊರಗೆ ಹೋದ. ಲತೀಶ ತನ್ನ ಸಾಮಾನು ಚೀಲಕ್ಕೆ ತುಂಬಿಕೊಂಡ. ಕರೆ ಮುಗಿಸುವುದು ಹೇಗೆಂದು ತಾರಾನಾಥರಿಗೆ ತಿಳಿಯಲಿಲ್ಲ. ತಿಳಿದಿದ್ದರೂ ಮುಗಿಸುತ್ತಿರಲಿಲ್ಲವೇನೋ. ಪರದೆಯಲ್ಲಿ ಒಂದು ನೀಲಿ ಗೋಡೆ, ಅರ್ಧ ತೆರೆದ ಬಾಗಿಲು. ಮಗಳ ಮನೆಯನ್ನು ಅವರು ಮೊದಲ ಸಲ ನೋಡುತ್ತಿದ್ದರು.

ಅಷ್ಟರಲ್ಲಿ ಪರದೆಯ ಕೆಳಗಿನಿಂದ ಗುಂಗುರು ಕೂದಲು ಕಂಡಿತು. ಆಮೇಲೆ ಹಣೆ, ಎರಡು ಕಣ್ಣು. ಮೂರು ವರ್ಷದ ಹೆಣ್ಣುಮಗುವೊಂದು ಬಿದ್ದ ಕುರ್ಚಿಯ ಮೇಲೆ ಹತ್ತಿ ನಿಂತು ಮೇಜಿಗೆ ಗದ್ದ ಊರಿತು. ಹುಬ್ಬು ಜಯಲತಾರ ಹುಬ್ಬಿನ ಹಾಗೇ ಇತ್ತು. ಮೊಮ್ಮಗಳೊಬ್ಬಳು ಇದ್ದಾಳೆ ಎಂದು ಯಾರೂ ತಾರಾನಾಥರಿಗೆ ಹೇಳಿರಲಿಲ್ಲ.

"ಅಜ್ಜಿ?" ಎಂದಿತು ಮಗು.

ತಾರಾನಾಥರು ಪರದೆಯ ಹತ್ತಿರ ಸರಿದರು.

ಮಗು ಅವರನ್ನು ಸ್ವಲ್ಪ ಹೊತ್ತು ಪರೀಕ್ಷಿಸಿತು. ಆಮೇಲೆ, ಆಟ ಬಾರದವರಿಗೆ ಹೇಳಿಕೊಡುವಂತೆ, ಎರಡೂ ಅಂಗೈಗಳಿಂದ ತನ್ನ ಮುಖ ಮುಚ್ಚಿ, ಫಕ್ಕನೆ ತೆರೆದು, "ಕೂಕ್!" ಎಂದಿತು. ಈಗ ನಿಮ್ಮ ಸರದಿ ಎಂಬಂತೆ ಕಾದು ನಿಂತಿತು.

ತಾರಾನಾಥರು ಎರಡೂ ಕೈಗಳನ್ನು ಮೆಲ್ಲನೆ ಎತ್ತಿ ಮುಖ ಮುಚ್ಚಿಕೊಂಡರು. ಮಗು ಮೇಜಿನ ಮೇಲೆ ಇನ್ನಷ್ಟು ಬಾಗಿ, ಅವರು ಕೈ ತೆಗೆಯುವುದನ್ನು ಕಾಯತೊಡಗಿತು.