ಏಳು ಬೆನ್ನುಗಳ ಗೋಡೆ

ರೂತ್ ಮೇಡಂ ಬರುತ್ತಾರೆಂಬ ಸುದ್ದಿ ಕೇಳಿದಾಗಿನಿಂದ ಗಂಗೋತ್ರಿಗೆ ದಿಗಿಲು ಹತ್ತಿತ್ತು. ಹನ್ನೆರಡು ವರ್ಷದ ಹಿಂದೆ ಆ ಅಮೆರಿಕದ ಹೆಂಗಸು ಕತ್ತಲಗೆರೆಯ ಬಸ್ ಸ್ಟಾಪಿನೆದುರಿನ ಉದ್ದ ಗೋಡೆಯ ಮೇಲೆ ಭತ್ತ ನಾಟಿ ಮಾಡುವ ಊರಿನದೇ ಏಳು ಹೆಂಗಸರನ್ನು ಬರೆದು ಹೋಗಿದ್ದರು. ಏಳೂ ಬಾಗಿದ ಬೆನ್ನುಗಳು. ಒಬ್ಬರ ಮುಖವೂ ಕಾಣುತ್ತಿರಲಿಲ್ಲ. ಆಗ ಅವರ ಪಕ್ಕದಲ್ಲೇ ನಿಂತು ಕೆಲಸ ಕಲಿತ ಗಂಗೋತ್ರಿ ಈಗ ಸವಳಂಗದವರೆಗೂ ಹೋಗಿ ಅಂಗಡಿ ಬೋರ್ಡು, ಶಾಲೆ ಗೋಡೆ ಬರೆಯುತ್ತಾಳೆ. ಹೋದ ವರ್ಷ ಗೋಡೆ ನೆನೆದು ಬಣ್ಣ ಚಕ್ಕೆಚಕ್ಕೆಯಾಗಿ ಉದುರತೊಡಗಿದಾಗ ಊರವರು ಅವಳಿಗೇ ಒಪ್ಪಿಸಿದರು. ಅವಳು ಹಳೆಯದನ್ನು ಕೆರೆದು ಹೊಸದಾಗಿ ಬರೆದಳು. ಬರೆಯುವಾಗ ಏಳೂ ಜನರನ್ನು ನೆಟ್ಟಗೆ ನಿಲ್ಲಿಸಿ, ರಸ್ತೆಯ ಕಡೆಗೆ ತಿರುಗಿಸಿಬಿಟ್ಟಳು. ಕಲಿಸಿದವರ ಕೆಲಸವನ್ನೇ ಕೆಡಿಸಿದವಳು ಅನ್ನಿಸಿಕೊಂಡರೆ ಮತ್ತೆ ಕುಂಚ ಮುಟ್ಟುವ ಮುಖ ಎಲ್ಲಿಂದ ಬರಬೇಕು?

ಕಾರಿಳಿದ ರೂತ್ ಕೋಲೂರಿಕೊಂಡು ಬಂದು ಗೋಡೆಯೆದುರು ನಿಂತರು. ಎಪ್ಪತ್ತಮೂರು ವರ್ಷ ವಯಸ್ಸು. ಅವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಶಾಲೆಯ ಅನಿತಾ ಟೀಚರ್ ಕನ್ನಡಕ್ಕೆ ತಂದರು.

"ಬೆನ್ನೇ ನನ್ನ ಚಿತ್ರ ಆಗಿತ್ತು, ಅದನ್ನ ಯಾಕೆ ತೆಗೆದೆ ಅಂತಾರೆ."

ಗೋಡೆಯಲ್ಲಿದ್ದ ಏಳು ಜನರಲ್ಲಿ ಒಬ್ಬಳಾದ ತಿಪ್ಪಮ್ಮ ಸುಮ್ಮನಿರುವವಳಲ್ಲ.

"ಅವಳನ್ನ ಯಾಕೆ ಕೇಳ್ತೀರಿ, ನಾವೇ ಬರೆಸಿದ್ದು! ಬೆನ್ನು ನೋಡಿದ್ರೆ ಇದು ತಿಪ್ಪಮ್ಮ ಅಂತ ಯಾರಿಗ್ ಗೊತ್ತಾಗ್ತೈತ್ರಿ? ನನ್ನ ಮೊಮ್ಮಗಳು ಪಕ್ಕದಲ್ಲಿದ್ದ ಗಾದ್ರಮ್ಮನ ಬೆನ್ನು ತೋರಿಸಿ ಅಜ್ಜಿ ಅಂದ್ಲು. ನನ್ನ ಬೆನ್ನು ಅಷ್ಟು ಅಗಲ ಐತಾ?"

ಅನಿತಾ ನಗುತ್ತಲೇ ಅದನ್ನು ಹೇಳಿದರು. ರೂತ್ ನಗಲಿಲ್ಲ. ಕಟ್ಟೆಯ ಮೇಲೆ ಕುಳಿತು ನಿಧಾನವಾಗಿ ಮಾತಾಡಿದರು. ತಮ್ಮ ಜೀವನದ ಮೊದಲ ಗೋಡೆ ಬರೆಯುವಾಗ ಎಂಟು ತಿಂಗಳ ಮಗಳನ್ನು ಅಟ್ಟಣಿಗೆಯ ಕೆಳಗೆ ಬುಟ್ಟಿಯಲ್ಲಿ ಮಲಗಿಸುತ್ತಿದ್ದರಂತೆ. ಅತ್ತರೆ ಇಳಿಯುವುದು, ಹಾಲು ಕುಡಿಸಿ ಮತ್ತೆ ಹತ್ತುವುದು. ನಲವತ್ತು ವರ್ಷದಲ್ಲಿ ಮೂವತ್ತೊಂದು ಗೋಡೆ. ಆ ಮೊದಲನೆಯದನ್ನು ಕೆಡವಿ ಕಾರು ನಿಲ್ಲಿಸುವ ಜಾಗ ಮಾಡಿದ್ದಾರೆ. ಇನ್ನೊಂದರ ಮೇಲೆ ಬೂದು ಬಣ್ಣ ಬಳಿದರು. ಬಳಿದವರು ಅವರನ್ನು ಕೇಳುವುದಿರಲಿ, ಒಂದು ಕಾಗದ ಕೂಡ ಬರೆಯಲಿಲ್ಲ. ಉಳಿದಿರುವುದು ನಾಲ್ಕು, ಇದೂ ಸೇರಿ ಎಂದುಕೊಂಡು ಬಂದಿದ್ದರು.

"ತಪ್ಪಾಯ್ತು ಮೇಡಂ," ಎಂದಳು ಗಂಗೋತ್ರಿ. "ಬೇಕಂದ್ರೆ ಮತ್ತೆ ಬೆನ್ನೇ ಬರೀತೀನಿ."

ರೂತ್ ತಲೆಯಾಡಿಸಿದರು, ಬೇಡವೆಂಬಂತೆ. ಎದ್ದು ಗೋಡೆಗೆ ಮೂಗು ತಾಗುವಷ್ಟು ಹತ್ತಿರ ಹೋದರು. ಒಂದೊಂದೇ ಮುಖ ನೋಡಿದರು, ತಿರುಗಿ ತಿಪ್ಪಮ್ಮನನ್ನು ನೋಡಿದರು. ಕೊನೆಗೆ ಚಿತ್ರದ ತಿಪ್ಪಮ್ಮನ ಕೈಯ ಮೇಲೆ ಬೆರಳಿಟ್ಟು ಚುರುಕಾಗಿ ಏನೋ ಅಂದರು.

"ಮುಖಕ್ಕೆ ಜೀವ ಐತಂತೆ. ಈ ಕೈಗಿಲ್ಲವಂತೆ," ಎಂದರು ಅನಿತಾ. "ಸಸಿ ಹಿಡಿಯೋ ಕೈ ಇದಲ್ಲ ಅಂತಾರೆ."

"ಹೌದಲ್ಲೇ ಗಂಗೋತ್ರಿ!" ತಿಪ್ಪಮ್ಮ ಹತ್ತಿರ ಬಂದಳು. "ಇದು ಮದುವೆ ಮನೇಲಿ ತಾಂಬೂಲ ಇಸ್ಕೊಳ್ಳೋ ಕೈ. ನಾಟಿಗೆ ಹೆಬ್ಬೆಟ್ಟು ಹಿಂಗೆ ಒತ್ತಬೇಕು."

ಅವಳು ಹಸಿ ಹುಲ್ಲಿನ ಎಸಳು ಕಿತ್ತು ಹಿಡಿದು ತೋರಿಸಿದಳು. ರೂತ್ ತಮ್ಮ ಚೀಲದಿಂದ ಸೀಮೆಸುಣ್ಣ ತೆಗೆದು ಗಂಗೋತ್ರಿಯ ಕೈಗೆ ತುರುಕಿದರು. ಅವಳು ಹಳೆಯ ಕೈಯ ಮೇಲೆಯೇ ಹೊಸ ಗೆರೆ ಎಳೆದಳು. ರೂತ್ ಅದನ್ನು ತಮ್ಮ ಅಂಗಿಯ ತೋಳಿನಿಂದಲೇ ಒರೆಸಿ ಹಾಕಿದರು. ಮತ್ತೆ ಎಳೆದಳು, ಮತ್ತೆ ಒರೆಸಿದರು. ಬಸ್ಸಿಗೆ ಕಾಯುತ್ತಿದ್ದವರು ಸುತ್ತ ನಿಂತು, ಹೆಬ್ಬೆರಳು ಉದ್ದ ಆಯ್ತು, ಗಿಡ್ಡ ಆಯ್ತು ಎಂದು ತಲೆಗೊಂದು ಮಾತಾಡಿದರು.

ಕಾರಿನ ಡ್ರೈವರ್ ಹಾರ್ನ್ ಹೊಡೆದ. ರೂತ್ ತಿರುಗದೆಯೇ ಅವನಿಗೆ ಕಾಯಲು ಕೈ ತೋರಿಸಿ, ನಾಲ್ಕನೆಯ ಸಲ ಒರೆಸಿದರು.